ಸ್ಯಾಫ್ ಫುಟ್‌ಬಾಲ್ ಚಾಂಪಿಯನ್‌ಶಿಪ್ ಮತ್ತು ಬೆಂಗಳೂರು

ಸ್ಯಾಫ್ ಚಾಂಪಿಯನ್‌ಶಿಪ್: ದಕ್ಷಿಣ ಏಷ್ಯಾದ ರಾಷ್ಟ್ರೀಯ ಪುರುಷರ ಫುಟ್‌ಬಾಲ್ ತಂಡಗಳು ಸೆಣಸುವ ಅಂತರರಾಷ್ಟ್ರೀಯ ಟೂರ್ನಿ. ದಕ್ಷಿಣ ಏಷ್ಯಾ ಫುಟ್‌ಬಾಲ್ ಫೆಡರೇಷನ್ ಇದನ್ನು ನಡೆಸುತ್ತದೆ. 1993ರಲ್ಲಿ ಲಾಹೋರಿನಲ್ಲಿ ಆರಂಭವಾದ ಈ ಟೂರ್ನಿಯ 14ನೇ ಆವೃತ್ತಿ 2023ರ ಜೂನ್ 21ರಿಂದ ಜುಲೈ 4ರವರೆಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಭಾರತ 9 ಬಾರಿ ಪ್ರಶಸ್ತಿ ಗೆದ್ದಿದೆ. ಮಾಲ್ಡೀವ್ಸ್ 2 ಬಾರಿ, ಶ್ರೀಲಂಕಾ, ಬಾಂಗ್ಲಾದೇಶ ಮತ್ತು ಅಫ್ಗಾನಿಸ್ತಾನ ತಲಾ ಒಂದು ಬಾರಿ ಗೆದ್ದಿವೆ.

ಆಟದ ಗುಣಮಟ್ಟದಲ್ಲಿ ಇದು ಏಷ್ಯಾದ ದೊಡ್ಡ ಟೂರ್ನಿಗಳ ಸಾಲಿಗೆ ಸೇರುವುದಿಲ್ಲ. ಇಲ್ಲಿ ಆಡುವ ಯಾವ ಸದಸ್ಯ ರಾಷ್ಟ್ರವೂ ವಿಶ್ವಕಪ್‌ನ ಅಂತಿಮ ಸುತ್ತಿನಲ್ಲಿ ಆಡಿಲ್ಲ. ಆದರೂ ಇದರ ಬೆಲೆ ಬೇರೆಯೇ ಆಗಿದೆ. ಗಡಿ, ವೀಸಾ, ರಾಜಕೀಯ ಇವುಗಳ ನಡುವೆ ಅಕ್ಕಪಕ್ಕದ ಮನೆಯವರಂತಿರುವ ದೇಶಗಳು ಒಂದೇ ಮೈದಾನದಲ್ಲಿ ಎದುರುಬದುರಾಗುವ ಅವಕಾಶಗಳು ನಮ್ಮ ಭಾಗದಲ್ಲಿ ತೀರಾ ಕಡಿಮೆ. ಅಂಥ ಅವಕಾಶವನ್ನು ಮೂವತ್ತು ವರ್ಷ ಉಳಿಸಿಕೊಂಡು ಬಂದದ್ದೇ ಈ ಟೂರ್ನಿಯ ದೊಡ್ಡ ಸಾಧನೆ.

ಹುಟ್ಟು ಮತ್ತು ಬೆಳವಣಿಗೆ

ಸಾರ್ಕ್ ಗೋಲ್ಡ್ ಕಪ್ ಎಂಬ ಹೆಸರಿನಲ್ಲಿ ನಡೆದ ಮೊದಲ ಟೂರ್ನಿಯಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾ, ನೇಪಾಳ ಹೀಗೆ ನಾಲ್ಕೇ ತಂಡಗಳಿದ್ದವು. ಫೈನಲ್ ಎಂಬುದೇ ಇರಲಿಲ್ಲ. ಎಲ್ಲರೂ ಎಲ್ಲರೊಡನೆ ಆಡಿ, ಹೆಚ್ಚು ಅಂಕ ಗಳಿಸಿದ ಭಾರತ ಕಪ್ ಎತ್ತಿತು. 1995ರಲ್ಲಿ ಕೊಲಂಬೊದಲ್ಲಿ ಆತಿಥೇಯ ಶ್ರೀಲಂಕಾ ಫೈನಲ್‌ನಲ್ಲಿ ಭಾರತವನ್ನು 1–0ಯಿಂದ ಮಣಿಸಿತು. ಫೆಡರೇಷನ್ ರೂಪುಗೊಂಡದ್ದು 1997ರಲ್ಲಿ. ಬಾಂಗ್ಲಾದೇಶ, ಭಾರತ, ಮಾಲ್ಡೀವ್ಸ್, ನೇಪಾಳ, ಪಾಕಿಸ್ತಾನ ಮತ್ತು ಶ್ರೀಲಂಕಾ ಅದರ ಸ್ಥಾಪಕ ಸದಸ್ಯರು. ಭೂತಾನ್ 2000ದಲ್ಲಿ, ಅಫ್ಗಾನಿಸ್ತಾನ 2005ರಲ್ಲಿ ಸೇರಿದವು. ಅಫ್ಗಾನಿಸ್ತಾನ 2015ರಲ್ಲಿ ಮಧ್ಯ ಏಷ್ಯಾದ ಫುಟ್‌ಬಾಲ್ ಒಕ್ಕೂಟಕ್ಕೆ ಹೋದ ಮೇಲೆ ಸದಸ್ಯರ ಸಂಖ್ಯೆ ಏಳಕ್ಕೆ ಇಳಿಯಿತು.

ಭಾರತ 1997ರಲ್ಲಿ ಕಠ್ಮಂಡುವಿನಲ್ಲಿ ಮಾಲ್ಡೀವ್ಸ್ ತಂಡವನ್ನು 5–1ರಿಂದಲೂ 1999ರಲ್ಲಿ ಗೋವಾದಲ್ಲಿ ಬಾಂಗ್ಲಾದೇಶವನ್ನು 2–0ಯಿಂದಲೂ ಸೋಲಿಸಿತು. 2003ರ ಢಾಕಾ ಟೂರ್ನಿ ಬಾಂಗ್ಲಾದೇಶದ ಪಾಲಿಗೆ ಹಬ್ಬವಾಯಿತು. ಮಾಲ್ಡೀವ್ಸ್ ಎದುರಿನ ಫೈನಲ್ 1–1ರಲ್ಲಿ ನಿಂತು ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಬಾಂಗ್ಲಾ 5–3ರಿಂದ ಗೆದ್ದಿತು. ಭಾರತ ಅಗ್ರ ಎರಡರೊಳಗೆ ಬಾರದೆ ಮೂರನೇ ಸ್ಥಾನಕ್ಕೆ ತೃಪ್ತಿಪಟ್ಟದ್ದು ಆ ಒಂದು ವರ್ಷ ಮಾತ್ರ. 2005ರಲ್ಲಿ ಕರಾಚಿಯಲ್ಲಿ, 2009ರಲ್ಲಿ ಢಾಕಾದಲ್ಲಿ, 2011ರಲ್ಲಿ ನವದೆಹಲಿಯಲ್ಲಿ ಮತ್ತೆ ಭಾರತವೇ ಗೆದ್ದಿತು. ನವದೆಹಲಿಯ ಫೈನಲ್‌ನಲ್ಲಿ ಅಫ್ಗಾನಿಸ್ತಾನಕ್ಕೆ ಕೊಟ್ಟ ಪೆಟ್ಟು 4–0. ಆ ಟೂರ್ನಿಯಲ್ಲಿ ಸುನಿಲ್ ಚೆಟ್ರಿ ಒಬ್ಬರೇ 7 ಗೋಲು ಗಳಿಸಿದರು.

ಎರಡು ವರ್ಷದ ನಂತರ ಅಫ್ಗಾನಿಸ್ತಾನ ಆ ಲೆಕ್ಕ ಚುಕ್ತಾ ಮಾಡಿತು. 2013ರ ಸೆಪ್ಟೆಂಬರ್ 11ರಂದು ಕಠ್ಮಂಡುವಿನಲ್ಲಿ ಭಾರತವನ್ನು 2–0ಯಿಂದ ಸೋಲಿಸಿ ತನ್ನ ಮೊಟ್ಟಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪ್ರಶಸ್ತಿ ಪಡೆಯಿತು. ಸೆಮಿಫೈನಲ್‌ನಲ್ಲಿ ಆತಿಥೇಯ ನೇಪಾಳಕ್ಕೆ ಸಿಕ್ಕ ಎರಡು ಪೆನಾಲ್ಟಿಗಳನ್ನು ತಡೆದ ಗೋಲ್‌ಕೀಪರ್ ಮನ್ಸೂರ್ ಫಕೀರ್‌ಯಾರ್ ಆ ಗೆಲುವಿನ ಮುಖ್ಯ ಕಾರಣ. ದಶಕಗಳ ಯುದ್ಧದಿಂದ ನಲುಗಿದ್ದ ಕಾಬೂಲಿನ ಬೀದಿಗಳಲ್ಲಿ ಜನ ಅಂದು ಕುಣಿದರು. 2015ರ ಟೂರ್ನಿಯ ಫೈನಲ್ 2016ರ ಜನವರಿ 3ರಂದು ತಿರುವನಂತಪುರದಲ್ಲಿ ನಡೆಯಿತು. ಹೆಚ್ಚುವರಿ ಅವಧಿಯ ನಂತರ ಭಾರತ 2–1ರಿಂದ ಅದೇ ಅಫ್ಗಾನಿಸ್ತಾನವನ್ನು ಮಣಿಸಿತು.

ದ್ವೀಪ ರಾಷ್ಟ್ರದ ಎರಡು ಗೆಲುವು

ಕೆಲವೇ ಲಕ್ಷ ಜನರ ಮಾಲ್ಡೀವ್ಸ್ ಈ ಟೂರ್ನಿಯನ್ನು ಎರಡು ಸಲ ಗೆದ್ದಿರುವುದು ಸಣ್ಣ ಮಾತಲ್ಲ. ಎರಡು ಸಲವೂ ಸೋತದ್ದು ಭಾರತ. ಮೊದಲ ಗೆಲುವು 2008ರ ಜೂನ್‌ನಲ್ಲಿ ಕೊಲಂಬೊದಲ್ಲಿ. ಆ ವರ್ಷ ಮಾಲೆ ಮತ್ತು ಕೊಲಂಬೊ ಎರಡೂ ಆತಿಥ್ಯ ಹಂಚಿಕೊಂಡಿದ್ದವು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಮುಖ್ತಾರ್ ನಾಸಿರ್ ಹೊಡೆದ ಏಕೈಕ ಗೋಲು ಕಪ್ಪನ್ನು ಮಾಲೆಗೆ ಒಯ್ದಿತು.

2018ರ ಗೆಲುವಿನ ಕಥೆ ಇನ್ನೂ ವಿಚಿತ್ರ. ಢಾಕಾದಲ್ಲಿ ಗುಂಪಿನ ಹಂತದಲ್ಲಿ ಮಾಲ್ಡೀವ್ಸ್ ಒಂದೇ ಒಂದು ಗೋಲು ಹೊಡೆಯಲಿಲ್ಲ. ಶ್ರೀಲಂಕಾದೊಡನೆ ಗೋಲಿಲ್ಲದೆ ಡ್ರಾ, ಭಾರತದ ಎದುರು 0–2 ಸೋಲು. ಶ್ರೀಲಂಕಾದ ಲೆಕ್ಕವೂ ಅಷ್ಟೇ ಆಗಿತ್ತು. ಅಂಕ ಸಮ, ಗೋಲು ಸಮ, ವ್ಯತ್ಯಾಸವೂ ಸಮ. ಕೊನೆಗೆ ನಾಣ್ಯ ಚಿಮ್ಮಿಸಿ ಸೆಮಿಫೈನಲ್‌ಗೆ ಯಾರು ಹೋಗಬೇಕೆಂದು ತೀರ್ಮಾನಿಸಿದರು. ಅದೃಷ್ಟ ಮಾಲ್ಡೀವ್ಸ್ ಕಡೆಗಿತ್ತು. ಅಲ್ಲಿಂದ ಮುಂದಕ್ಕೆ ಗೆದ್ದದ್ದು ಮಾತ್ರ ಆಟದಿಂದಲೇ: ನೇಪಾಳವನ್ನು 3–0, ಫೈನಲ್‌ನಲ್ಲಿ ಭಾರತವನ್ನು 2–1. ಈ ದೇಶದ ಅತಿದೊಡ್ಡ ಆಟಗಾರ ಅಲಿ ಅಶ್ಫಾಕ್. 2013ರ ಟೂರ್ನಿಯಲ್ಲಿ ಶ್ರೀಲಂಕಾವನ್ನು 10–0ಯಿಂದ ಸೋಲಿಸಿದ ಪಂದ್ಯದಲ್ಲಿ ಅವರೊಬ್ಬರೇ 6 ಗೋಲು ಹೊಡೆದರು. ಆ ಟೂರ್ನಿಯಲ್ಲಿ ಒಟ್ಟು 10.

ಜಗತ್ತಿನ ಇನ್ನೊಂದು ತುದಿಯಲ್ಲಿ, ಪೆಸಿಫಿಕ್ ಸಾಗರದ ದ್ವೀಪಗಳಲ್ಲೂ ಇಂಥದ್ದೇ ಅನುಭವವಿದೆ. ಅಲ್ಲಿ ಹನ್ನೊಂದು ಜನರ ಫುಟ್‌ಬಾಲ್‌ನಲ್ಲಿ ನ್ಯೂಜಿಲೆಂಡ್‌ನದೇ ಮೇಲುಗೈ. ಆದರೆ ಕಡಲ ದಂಡೆಯ ಮರಳಿನಲ್ಲಿ ಐದೈದು ಜನ ಬರಿಗಾಲಲ್ಲಿ ಆಡುವ ಬೀಚ್ ಸಾಕರ್‌ನಲ್ಲಿ ಸಾಲೊಮನ್ ದ್ವೀಪಗಳು ಮತ್ತು ಟಹೀಟಿ ಪ್ರಾದೇಶಿಕ ಟೂರ್ನಿಯನ್ನು ಆಳುತ್ತ ಬಂದಿವೆ. ಟಹೀಟಿ 2013ರಲ್ಲಿ ಬೀಚ್ ಸಾಕರ್ ವಿಶ್ವಕಪ್‌ಗೆ ಆತಿಥ್ಯ ವಹಿಸಿತು. 2015 ಮತ್ತು 2017ರಲ್ಲಿ ವಿಶ್ವಕಪ್ ಫೈನಲ್ ತಲುಪಿ ಕ್ರಮವಾಗಿ ಪೋರ್ಚುಗಲ್ ಮತ್ತು ಬ್ರೆಜಿಲ್‌ಗೆ ಸೋತಿತು. ಸಣ್ಣ ದೇಶಕ್ಕೆ ಹತ್ತಿರದ ಎದುರಾಳಿಗಳೊಡನೆ ಆಡುವ ಒಂದು ಖಾಯಂ ಟೂರ್ನಿ ಇದ್ದರೆ ಎಷ್ಟು ಎತ್ತರಕ್ಕೆ ಏರಬಹುದು ಎಂಬುದಕ್ಕೆ ಟಹೀಟಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಭಾರತದಲ್ಲಿ ಬೀಚ್ ಸಾಕರ್‌ನ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದದ್ದು 2023ರಲ್ಲಿ, ಸೂರತ್‌ನಲ್ಲಿ; ಗೆದ್ದದ್ದು ಕೇರಳ. ಕಾರವಾರದಿಂದ ಉಳ್ಳಾಲದವರೆಗೆ ಉದ್ದಕ್ಕೂ ಮರಳ ದಂಡೆ ಇರುವ ಕರ್ನಾಟಕದಲ್ಲಿ ಈ ಆಟ ಇನ್ನೂ ಬೇರೂರಿಲ್ಲ.

ಬೆಂಗಳೂರಿಗೆ ಬಂದ ಕಪ್

2021ರಲ್ಲಿ ಮಾಲೆಯಲ್ಲಿ ಐದೇ ತಂಡಗಳೊಡನೆ ನಡೆದ ಟೂರ್ನಿಯಲ್ಲಿ ಭಾರತ ನೇಪಾಳವನ್ನು 3–0ಯಿಂದ ಸೋಲಿಸಿ ಎಂಟನೇ ಸಲ ಗೆದ್ದಿತ್ತು. ನೇಪಾಳಕ್ಕೆ ಅದು ಮೊದಲ ಫೈನಲ್. ಮುಂದಿನ ಆತಿಥ್ಯ ಬೆಂಗಳೂರಿಗೆ ದೊರೆಯಿತು. ಶ್ರೀಲಂಕಾದ ಫುಟ್‌ಬಾಲ್ ಸಂಸ್ಥೆಯನ್ನು ಫಿಫಾ 2023ರ ಜನವರಿಯಲ್ಲಿ ಅಮಾನತು ಮಾಡಿದ್ದರಿಂದ ಆ ತಂಡ ಬರಲಿಲ್ಲ. ಪಶ್ಚಿಮ ಏಷ್ಯಾದ ಕುವೈತ್ ಮತ್ತು ಲೆಬನಾನ್ ಅತಿಥಿ ತಂಡಗಳಾಗಿ ಬಂದವು. ‘ಎ’ ಗುಂಪಿನಲ್ಲಿ ಭಾರತ, ಕುವೈತ್, ನೇಪಾಳ, ಪಾಕಿಸ್ತಾನ. ‘ಬಿ’ ಗುಂಪಿನಲ್ಲಿ ಲೆಬನಾನ್, ಬಾಂಗ್ಲಾದೇಶ, ಮಾಲ್ಡೀವ್ಸ್, ಭೂತಾನ್. ಒಟ್ಟು 15 ಪಂದ್ಯಗಳು, ಎಲ್ಲವೂ ಕಂಠೀರವದಲ್ಲೇ.

ಅತಿಥಿಗಳನ್ನು ಕರೆದದ್ದು ಸರಿಯೇ ಎಂಬ ಪ್ರಶ್ನೆ ಆಗ ಎದ್ದಿತ್ತು. ದಕ್ಷಿಣ ಏಷ್ಯಾದ ಕಪ್ಪಿಗೆ ಅರಬ್ ದೇಶಗಳು ಏಕೆ? ಫಲಿತಾಂಶ ನೋಡಿದರೆ ಅವರನ್ನು ಕರೆದದ್ದೇ ಒಳ್ಳೆಯದಾಯಿತು. ಕುವೈತ್ 1982ರಲ್ಲೇ ವಿಶ್ವಕಪ್ ಆಡಿದ್ದ ದೇಶ. ಅಂಥವರ ಎದುರು ಸೆಣಸಿದ್ದರಿಂದಲೇ ಭಾರತದ ಗೆಲುವಿಗೆ ತೂಕ ಬಂತು.

ಮೊದಲ ದಿನವೇ ಭಾರತ–ಪಾಕಿಸ್ತಾನ ಪಂದ್ಯ. ವೀಸಾ ತಡವಾಗಿದ್ದರಿಂದ ಮಾರಿಷಸ್‌ನಲ್ಲಿದ್ದ ಪಾಕ್ ಆಟಗಾರರು ಬೆಂಗಳೂರು ತಲುಪಿದ್ದು ಪಂದ್ಯದ ದಿನವೇ, ಅದೂ ಒಟ್ಟಿಗೆ ಅಲ್ಲ, ತಂಡ ತಂಡವಾಗಿ. ವಿಶ್ರಾಂತಿಯೂ ಇಲ್ಲ, ಮೈದಾನದ ಪರಿಚಯವೂ ಇಲ್ಲ. 2014ರ ಆಗಸ್ಟ್‌ನಲ್ಲಿ ಇದೇ ಊರಿನ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಪಾಕಿಸ್ತಾನದ 23 ವರ್ಷದೊಳಗಿನವರ ತಂಡ ಎರಡು ಸ್ನೇಹಪರ ಪಂದ್ಯಗಳಲ್ಲಿ ಒಂದನ್ನು 2–0ಯಿಂದ ಗೆದ್ದಿತ್ತು ಎಂಬುದನ್ನು ನೆನೆದರೆ, ಅವರಿಗೆ ಸರಿಯಾದ ತಯಾರಿಯ ಅವಕಾಶ ಸಿಗಬೇಕಿತ್ತು ಅನ್ನಿಸದೆ ಇರದು.

ಹತ್ತನೇ ನಿಮಿಷದಲ್ಲಿ ಪಾಕ್ ಗೋಲ್‌ಕೀಪರ್ ಸಾಕಿಬ್ ಹನೀಫ್ ಕಾಲಿಗೆ ಬಂದ ಚೆಂಡನ್ನು ದೂರಕ್ಕೆ ಹೊಡೆಯಲು ತುಸು ತಡಮಾಡಿದರು. ಮುನ್ನುಗ್ಗಿ ಬಂದ ಚೆಟ್ರಿ ಅಷ್ಟರಲ್ಲೇ ಚೆಂಡು ಕಿತ್ತುಕೊಂಡು ಬರಿದಾದ ಗೋಲಿಗೆ ತಳ್ಳಿದರು. ಹದಿನಾರನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಎರಡನೆಯದು, ಉತ್ತರಾರ್ಧದಲ್ಲಿ ಮತ್ತೊಂದು ಪೆನಾಲ್ಟಿಯಿಂದ ಮೂರನೆಯದು. ಕೊನೆಯ ಗೋಲು ಉದಾಂತ ಸಿಂಗ್ ಅವರದು. ಸುರಿವ ಮಳೆಯಲ್ಲೂ ಜನ ಕದಲಲಿಲ್ಲ. 4–0ಯಿಂದ ಗೆದ್ದ ಆ ರಾತ್ರಿ ಚೆಟ್ರಿ ಅವರ ಅಂತರರಾಷ್ಟ್ರೀಯ ಗೋಲುಗಳ ಸಂಖ್ಯೆ 90 ಆಯಿತು. ಮಲೇಷ್ಯಾದ ಮೊಖ್ತಾರ್ ದಹಾರಿ ಅವರ 89 ಗೋಲುಗಳನ್ನು ದಾಟಿ, ಏಷ್ಯಾದಲ್ಲಿ ಇರಾನಿನ ಅಲಿ ದೇಯಿ ನಂತರದ ಸ್ಥಾನಕ್ಕೆ ಅವರು ಏರಿದರು. ಅದೇ ಪಂದ್ಯದಲ್ಲಿ ಪಾಕ್ ಆಟಗಾರನೊಬ್ಬ ಥ್ರೋ-ಇನ್ ಮಾಡುವಾಗ ಕೈಯಲ್ಲಿದ್ದ ಚೆಂಡನ್ನು ತಟ್ಟಿ ಬೀಳಿಸಿದ ಭಾರತದ ಕೋಚ್, ಕ್ರೊಯೇಷ್ಯಾದ ಇಗೊರ್ ಸ್ಟಿಮಾಚ್ ಕೆಂಪು ಕಾರ್ಡ್ ಪಡೆದರು. ಮೈದಾನದಲ್ಲಿ ತಳ್ಳಾಟವೂ ನಡೆಯಿತು.

ನೇಪಾಳದ ಎದುರು ಚೆಟ್ರಿ ಮತ್ತು ನವೋರೆಮ್ ಮಹೇಶ್ ಸಿಂಗ್ ಗೋಲುಗಳಿಂದ 2–0 ಗೆಲುವು. ಕುವೈತ್ ಎದುರು ಪೂರ್ವಾರ್ಧದ ಕೊನೆಯಲ್ಲಿ ಕಾರ್ನರ್‌ನಿಂದ ಬಂದ ಚೆಂಡನ್ನು ಚೆಟ್ರಿ ಗಾಳಿಯಲ್ಲೇ ಹೊಡೆದು ಗುರಿ ಮುಟ್ಟಿಸಿದರು. ಗೆಲುವು ಕೈಯಲ್ಲಿದೆ ಅನ್ನುವಾಗ, ಇಂಜುರಿ ಅವಧಿಯಲ್ಲಿ ಅನ್ವರ್ ಅಲಿ ಕಾಲಿಗೆ ತಗುಲಿದ ಚೆಂಡು ಉಡುಗೊರೆ ಗೋಲಾಗಿ ಪಂದ್ಯ 1–1ರಲ್ಲಿ ಮುಗಿಯಿತು. ಎರಡೂ ತಂಡಗಳಿಗೆ ತಲಾ 7 ಅಂಕ, ಗೋಲುಗಳ ವ್ಯತ್ಯಾಸ ತಲಾ 6. ಹೆಚ್ಚು ಗೋಲು ಹೊಡೆದ ಲೆಕ್ಕದಲ್ಲಿ ಕುವೈತ್ ಗುಂಪಿನ ಅಗ್ರಸ್ಥಾನ ಪಡೆಯಿತು. ಸ್ಟಿಮಾಚ್‌ಗೆ ಮತ್ತೊಂದು ಕೆಂಪು ಕಾರ್ಡ್ ಸಿಕ್ಕಿದ್ದರಿಂದ ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ ತಂಡದ ಹೊಣೆ ಸಹಾಯಕ ಕೋಚ್ ಮಹೇಶ್ ಗವಳಿ ಅವರ ಹೆಗಲಿಗೆ ಬಿತ್ತು. ಗೋವಾದ ಈ ಮಾಜಿ ರಕ್ಷಣಾ ಆಟಗಾರ ಗಲಾಟೆ ಇಲ್ಲದೆ ಆ ಕೆಲಸ ಮುಗಿಸಿಕೊಟ್ಟರು. ಟೂರ್ನಿಯ ಕೀರ್ತಿಯಲ್ಲಿ ಅವರಿಗೆ ಸಲ್ಲಬೇಕಾದಷ್ಟು ಪಾಲು ಸಂದಿಲ್ಲ.

‘ಬಿ’ ಗುಂಪಿನಲ್ಲಿ ಲೆಬನಾನ್ ಮೂರೂ ಪಂದ್ಯ ಗೆದ್ದಿತು. ಬಾಂಗ್ಲಾದೇಶ ಮಾಲ್ಡೀವ್ಸ್ ಮತ್ತು ಭೂತಾನ್ ತಂಡಗಳನ್ನು ತಲಾ 3–1ರಿಂದ ಸೋಲಿಸಿ, 2009ರ ನಂತರ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಜುಲೈ 1ರಂದು ಕುವೈತ್ ಎದುರು ನಿಗದಿತ 90 ನಿಮಿಷವೂ ಗೋಲು ಬಿಟ್ಟುಕೊಡದೆ ನಿಂತು, ಹೆಚ್ಚುವರಿ ಅವಧಿಯ ಒಂದೇ ಗೋಲಿಗೆ ಸೋತಿತು. ಅದರ ಗೋಲ್‌ಕೀಪರ್ ಅನಿಸುರ್ ರಹಮಾನ್ ಜಿಕೊ ಟೂರ್ನಿಯ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಪಡೆದರು. ಅದೇ ದಿನ ಭಾರತ–ಲೆಬನಾನ್ ಪಂದ್ಯ 120 ನಿಮಿಷ ಗೋಲಿಲ್ಲದೆ ಕಳೆದು ಶೂಟೌಟ್‌ಗೆ ಹೋಯಿತು. ಲೆಬನಾನ್ ನಾಯಕ ಹಸನ್ ಮಾತೂಕ್ ಅವರ ಮೊದಲ ಒದೆತವನ್ನೇ ಗುರುಪ್ರೀತ್ ಸಿಂಗ್ ಸಂಧು ತಡೆದರು. ಭಾರತ 4–2ರಿಂದ ಗೆದ್ದಿತು.

ಜುಲೈ 4ರ ಫೈನಲ್‌ಗೆ ಕಂಠೀರವ ಭರ್ತಿಯಾಗಿತ್ತು. ಹದಿನಾಲ್ಕನೇ ನಿಮಿಷದಲ್ಲಿ ಕುವೈತ್‌ನ ಶಬೀಬ್ ಅಲ್ ಖಾಲ್ದಿ ಗೋಲು ಹೊಡೆದಾಗ ಕ್ರೀಡಾಂಗಣ ಸ್ತಬ್ಧವಾಯಿತು. ಮೂವತ್ತೊಂಬತ್ತನೇ ನಿಮಿಷದಲ್ಲಿ ಸಹಲ್ ಅಬ್ದುಲ್ ಸಮದ್ ಗೋಲಿನ ಮುಂದೆ ಅಡ್ಡಲಾಗಿ ಕೊಟ್ಟ ಚೆಂಡನ್ನು ಮಿಜೋರಾಂನ ಲಾಲಿಯನ್‌ಜುವಾಲ ಛಾಂಗ್ಟೆ ಗುರಿ ಸೇರಿಸಿದರು. ಆಮೇಲೆ ಯಾರೂ ಗೋಲು ಕಾಣಲಿಲ್ಲ. ಶೂಟೌಟ್‌ನಲ್ಲಿ ಕುವೈತ್‌ನ ಮೊದಲ ಒದೆತ ಗೋಲಾಗಲಿಲ್ಲ. ಭಾರತದ ಉದಾಂತ ಸಿಂಗ್ ಕೂಡ ಗುರಿ ತಪ್ಪಿದರು. ಐದೈದು ಒದೆತ ಮುಗಿದಾಗ 4–4. ಆರನೆಯದನ್ನು ಮಹೇಶ್ ಸಿಂಗ್ ಗೋಲಾಗಿಸಿದರು. ಕುವೈತ್ ನಾಯಕ ಖಾಲಿದ್ ಹಾಜಿಯಾ ಚೆಂಡಿನ ಮುಂದೆ ಬಂದು ನಿಂತರು. ಗುರುಪ್ರೀತ್ ಸರಿಯಾದ ದಿಕ್ಕಿಗೇ ಜಿಗಿದು ಚೆಂಡನ್ನು ಹೊರಗೆ ತಳ್ಳಿದರು. ಬೆಂಗಳೂರು ಎಫ್‌ಸಿ ಪರ ವರ್ಷಗಟ್ಟಲೆ ಇದೇ ಮೈದಾನದಲ್ಲಿ ಗೋಲು ಕಾದ ಆಟಗಾರ ಅವರು. ಕ್ರೀಡಾಂಗಣವೆಲ್ಲ ಒಂದೇ ಕೊರಳಾಗಿ ‘ವಂದೇ ಮಾತರಂ’ ಹಾಡಿತು. ಮಣಿಪುರದ ಜೀಕ್ಸನ್ ಸಿಂಗ್ ಹೆಗಲ ಮೇಲೆ ಏಳು ಬಣ್ಣದ ಬಾವುಟ ಹೊದ್ದು ಪದಕ ಸ್ವೀಕರಿಸಿದರು. ಹಿಂಸೆಯಲ್ಲಿ ಬೇಯುತ್ತಿದ್ದ ತಮ್ಮ ರಾಜ್ಯದಲ್ಲಿ ಶಾಂತಿ ನೆಲೆಸಲಿ ಎಂಬುದು ಅವರ ಬೇಡಿಕೆಯಾಗಿತ್ತು. ಆ ಬಾವುಟದ ಬಗ್ಗೆ ವಿವಾದವೂ ಆಯಿತು. 5 ಗೋಲು ಹೊಡೆದ ಚೆಟ್ರಿ ಟೂರ್ನಿಯ ಶ್ರೇಷ್ಠ ಆಟಗಾರ. ಅದೇ ತಿಂಗಳ 20ರಂದು ಪ್ರಕಟವಾದ ಫಿಫಾ ಪಟ್ಟಿಯಲ್ಲಿ ಭಾರತ 99ನೇ ಸ್ಥಾನಕ್ಕೆ ಏರಿತು. ಆ ಸ್ಥಾನ ಹೆಚ್ಚು ಕಾಲ ನಿಲ್ಲಲಿಲ್ಲ.

ಬೆಂಗಳೂರಿನ ಫುಟ್‌ಬಾಲ್ ಪರಂಪರೆ

ಈ ಟೂರ್ನಿ ಬೆಂಗಳೂರಿಗೆ ಬಂದದ್ದು ಆಕಸ್ಮಿಕವಲ್ಲ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಬರಿಗಾಲಲ್ಲಿ ಕಲಿತರು. ಗೌತಮಪುರದ ಬೀದಿಯಲ್ಲಿ ಬ್ರೆಜಿಲ್‌ನ ಪೆಲೆ ಅವರ ಪ್ರತಿಮೆಯೇ ಇದೆ. ಮುಂಬೈನ ಪ್ರತಿಷ್ಠಿತ ರೋವರ್ಸ್ ಕಪ್ ಅನ್ನು 1937ರಲ್ಲಿ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. 1948 ಮತ್ತು 1952ರ ಒಲಿಂಪಿಕ್ಸ್ ಆಡಿ, 1951ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಕೆಲಸ ಕೊಟ್ಟು ಆಟಗಾರರನ್ನು ಸಾಕಿದ್ದು ಈ ಚರಿತ್ರೆಯ ಇನ್ನೊಂದು ಅಧ್ಯಾಯ.

ಕಂಠೀರವ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಿದ್ಧವಾಯಿತು. ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಪ್ರೇಕ್ಷಕರಿಗೆ ಆಟ ತುಸು ದೂರವಾಗುತ್ತದೆ. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಬಂದ ಮೇಲೆ ಇಲ್ಲಿ ಹೊಸ ತಲೆಮಾರಿನ ಅಭಿಮಾನಿಗಳು ತುಂಬಿದರು. ಆ ಕ್ಲಬ್ ಮೊದಲ ಸಾಲಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು, 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಹೀಗಾಗಿ 2023ರಲ್ಲಿ ಇದೇ ಕ್ಲಬ್ಬಿನ ಆಟಗಾರ ಚೆಟ್ರಿ ಚೆಂಡು ಮುಟ್ಟಿದಾಗಲೆಲ್ಲ ಎದ್ದ ಕೂಗು ತವರಿನ ಕೂಗೇ ಆಗಿತ್ತು.

ಅದೇ ವರ್ಷದ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. ಮೈಸೂರು ರಾಜ್ಯದ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ 54 ವರ್ಷಗಳ ನಂತರ ದಕ್ಕಿದ ಪ್ರಶಸ್ತಿ ಅದು. ನಾಲ್ಕು ತಿಂಗಳ ಅಂತರದಲ್ಲಿ ಎರಡು ದೊಡ್ಡ ಸಂಭ್ರಮ ಕಂಡ 2023 ರಾಜ್ಯದ ಫುಟ್‌ಬಾಲ್‌ಗೆ ಮರೆಯಲಾಗದ ವರ್ಷ.

ಮಹಿಳೆಯರ ಟೂರ್ನಿ

ಮಹಿಳೆಯರ ಸ್ಯಾಫ್ ಚಾಂಪಿಯನ್‌ಶಿಪ್ 2010ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಶುರುವಾಯಿತು. ಮೊದಲ ಐದೂ ಪ್ರಶಸ್ತಿ ಭಾರತಕ್ಕೆ. 2022 ಮತ್ತು 2024ರಲ್ಲಿ ಕಠ್ಮಂಡುವಿನಲ್ಲಿ ಆತಿಥೇಯ ನೇಪಾಳವನ್ನೇ ಸೋಲಿಸಿ ಬಾಂಗ್ಲಾದೇಶ ಎರಡು ಸಲ ಗೆದ್ದಿತು.

ಟೂರ್ನಿಯ ನಂತರ

ಚೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ, ಅದೇ ಕುವೈತ್ ಎದುರಿನ ಪಂದ್ಯದೊಡನೆ ವಿದಾಯ ಹೇಳಿದರು. 2025ರ ಮಾರ್ಚ್‌ನಲ್ಲಿ ಮತ್ತೆ ಮರಳಿ ಮಾಲ್ಡೀವ್ಸ್ ಎದುರು ಗೋಲು ಹೊಡೆದರು. ನಿವೃತ್ತನಾದ ನಲವತ್ತರ ಆಟಗಾರನನ್ನು ತಂಡ ಮತ್ತೆ ಕರೆಯಬೇಕಾಗಿ ಬಂದದ್ದು ಗೋಲು ಹೊಡೆಯುವವರ ಕೊರತೆ ಎಷ್ಟಿದೆ ಎಂಬುದನ್ನು ಹೇಳುತ್ತದೆ.

ಕರ್ನಾಟಕದ ಮಟ್ಟಿಗೆ ಕೊರತೆ ಇನ್ನೊಂದು ಬಗೆಯದು. ಇಲ್ಲಿ ಫುಟ್‌ಬಾಲ್ ಎಂದರೆ ಬಹುಮಟ್ಟಿಗೆ ಬೆಂಗಳೂರು, ಸ್ವಲ್ಪ ಮಂಗಳೂರು, ಕೊಡಗು, ಬೆಳಗಾವಿ. ಚಳ್ಳಕೆರೆ, ಮೊಳಕಾಲ್ಮೂರಿನಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಶಾಲೆಯ ಮೈದಾನ ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗೆ ಮೀಸಲು. ಅಲ್ಲಿನ ಮಕ್ಕಳಿಗೆ ಓಟವೂ ಗೊತ್ತು, ಬಿಸಿಲೂ ಗೊತ್ತು. ಮಳೆ ಕಡಿಮೆ ಬೀಳುವ ಆ ನೆಲದಲ್ಲಿ ವರ್ಷದ ಬಹುಭಾಗ ಒಣಗಿದ, ಗಟ್ಟಿಯಾದ ಬಯಲು ಆಟಕ್ಕೆ ಸಿಗುತ್ತದೆ. ಫುಟ್‌ಬಾಲ್‌ಗೆ ಬೇಕಾಗುವುದು ಒಂದು ಚೆಂಡು, ಎರಡು ಕಂಬ ಮತ್ತು ಆಟ ಗೊತ್ತಿರುವ ಒಬ್ಬ ದೈಹಿಕ ಶಿಕ್ಷಕರು. ರಾಜ್ಯದ ಫುಟ್‌ಬಾಲ್ ಸಂಸ್ಥೆ ಮತ್ತು ಶಿಕ್ಷಣ ಇಲಾಖೆ ಸೇರಿ ತಾಲ್ಲೂಕು ಮಟ್ಟದ ಶಾಲಾ ಲೀಗ್‌ಗಳನ್ನು ಇಲ್ಲಿಂದಲೇ ಆರಂಭಿಸಬೇಕು.